ನಾಳೆಯ ದನಿ ಕೇಳುವ ದ್ವೀಪ

ಆ ದ್ವೀಪದಲ್ಲಿ ರೇಡಿಯೊ ಹಚ್ಚಿದರೆ ಕೇಳುವುದು ನಾಳೆಯ ದನಿಗಳು. ಅಲ್ಲಿಂದ ಆಡಿದ ಮಾತೂ ದಡಕ್ಕೆ ತಲುಪುವುದು ನಾಳೆಯೇ. ಹವ್ಯಾಸಿ ರೇಡಿಯೊ ಕ್ಲಬ್ಬಿನ ಲವೀನಾ ಮತ್ತು ರತ್ನಾಕರ ಪ್ರತಿ ರಜೆಗೂ ಅಲ್ಲಿ ಆಂಟೆನಾ ಕಟ್ಟಿ, ನಾಳೆಯವರ ಜೊತೆ ಹರಟಿ, ಕ್ರಿಕೆಟ್ ಸ್ಕೋರು ಕೇಳಿಕೊಂಡು ಸಂಜೆ ಮರಳುತ್ತಿದ್ದರು. ಕೇಳಿದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಈ ಸಲ ಹೊರಡುವ ಹೊತ್ತಿಗೆ ಬಂದರಿನ ದನಿ ಬಂತು: "ನಿನ್ನೆ ಸಂಜೆ ದ್ವೀಪದಿಂದ ಹೊರಟ ಹಸನಬ್ಬರ ದೋಣಿ ಮಗುಚಿದೆ. ಮೂವರ ಪತ್ತೆಯಿಲ್ಲ."

ದೋಣಿಯವ ಹಸನಬ್ಬ ಹಗ್ಗ ಹಿಡಿದು ಅಲ್ಲೇ ನಿಂತಿದ್ದ. ರತ್ನಾಕರ ಮರಳಿನ ಮೇಲೆ ಕುಸಿದ. "ಹೋಗದೆ ಇಲ್ಲೇ ಉಳಿದ್ರೆ ಆಯ್ತಲ್ಲ?"

"ದೋಣಿ ಮಗುಚದೆ ಬಿಡೂದಿಲ್ಲ ಮಾರಾಯ," ಎಂದಳು ಲವೀನಾ. "ಆದ್ರೆ ಅದರಲ್ಲಿ ನಾವಿದ್ದೆವು ಅಂತ ಅವರು ಹೇಳ್ಲಿಲ್ಲ."

ಇಬ್ಬರೂ ಹಸನಬ್ಬನ ಕಡೆ ನೋಡಿದರು. ಅವನ ಸಂಸಾರ ನಡೆಯುತ್ತಿದ್ದುದೇ ಆ ದೋಣಿಯಿಂದ. ಅವನು ಸ್ವಲ್ಪ ಹೊತ್ತು ಅದರ ಅಂಚು ಸವರಿದ. ಆಮೇಲೆ, "ತಳ್ಳಿ," ಎಂದ.

ಖಾಲಿ ದೋಣಿ ಬಂಡೆಗಳಾಚೆ ಹೋಗಿ ಒಂದು ದೊಡ್ಡ ಅಲೆಗೆ ಮಗುಚಿಕೊಂಡಿತು. ಹಸನಬ್ಬ ಮುಖ ತಿರುಗಿಸಿದ.

ಲವೀನಾ ಮೈಕ್ ಹಿಡಿದು ಕೂಗಿದಳು: "ನಾವು ಮೂವರೂ ದ್ವೀಪದಲ್ಲೇ ಇದ್ದೇವೆ. ಬದುಕಿದ್ದೇವೆ."

ಬರೀ ಗೊರಗೊರ ಸದ್ದು. ಮತ್ತೆ ಮತ್ತೆ ಕರೆದಳು. ಕೊನೆಗೆ ಗಂಡ ಸ್ಟ್ಯಾನಿಯ ದನಿ ಕೇಳಿತು. ರಾತ್ರಿಯಿಡೀ ಅತ್ತು ಒಡೆದುಹೋಗಿದ್ದ ದನಿ.

"ಲವೀನಾ? ನೀನೇನಾ? ಅಲ್ಲೇ ಇರು, ಈಗ್ಲೇ ದೋಣಿ ತರ್ತೇನೆ."

ಅವಳು ಮೈಕ್ ಕೆಳಗಿಟ್ಟು ದಡದ ಕಡೆ ನೋಡಿದಳು. ಅಲ್ಲಿ ಇನ್ನೂ ಇವತ್ತಿನ ಸಂಜೆ. ಸ್ಟ್ಯಾನಿ ಅವಳಿಗಾಗಿ ಇನ್ನೂ ಅಳಲು ಶುರುಮಾಡಿರಲಿಲ್ಲ. ಅದನ್ನು ತಡೆಯುವ ದಾರಿ ಅವಳಿಗಿರಲಿಲ್ಲ.