ಕರಿಗಾಲಿನದು, ತಿಳಿಗಾಲಿನದು

ಟೀಚರಮ್ಮ ಸುಳ್ಳು ಹೇಳುತ್ತಿದ್ದಾರೆ. ಮೇಲ್ವಿಚಾರಕನಿಗೆ ಅದು ಖಾತ್ರಿಯಾದದ್ದು ಆರನೆಯ ಮಂಗಳವಾರ.

ಹಕ್ಕಿಗಳ ದನಿಯನ್ನು ಟೇಪುಗಳಲ್ಲಿ ಕಾಪಿಟ್ಟ ಆ ನೆಲಮಾಳಿಗೆಗೆ ಅವನೇ ರಾಜ, ಅವನೇ ಜವಾನ. ಅಧ್ಯಯನಕ್ಕೆಂದು ಅರ್ಜಿ ಬರೆದವರಿಗೆ ಮಾತ್ರ ಟೇಪು ಕೇಳಿಸಬೇಕೆಂಬುದು ನಿಯಮ. ಅರ್ಜಿ ಬರೆಯುವವರೇ ಇರಲಿಲ್ಲ. ಮನೆಗೆ ಹೋದರೆ ಅಲ್ಲಿಯೂ ಯಾರಿಲ್ಲ. ಹೀಗಿರುವಾಗ ನಿವೃತ್ತ ಟೀಚರೊಬ್ಬರು ಬಂದು ‘ಎರಡು ಉಲಿಯಕ್ಕಿಗಳ ಹೋಲಿಕೆ’ ಎಂದು ಬರೆದುಕೊಟ್ಟಾಗ ಅವನಿಗೆ ಹಿಗ್ಗೋ ಹಿಗ್ಗು.

ಒಂದು ಕರಿಗಾಲಿನದು, ಇನ್ನೊಂದು ತಿಳಿಗಾಲಿನದು. ಎರಡೂ ಹಿಡಿಯೊಳಗೆ ಅಡಗುವ ಗಾತ್ರ, ಅದೇ ಮಾಸಲು ಹಸಿರು. ಕಾಲು ಕಾಣದಿದ್ದರೆ ಹೆತ್ತವಳಿಗೂ ಗೊಂದಲ. ಬಾಯಿ ಬಿಟ್ಟರೆ ಮಾತ್ರ ಗುಟ್ಟು ರಟ್ಟು: ಕರಿಗಾಲಿನದು ಎರಡೇ ಸ್ವರ ಕುಟ್ಟುತ್ತದೆ, ತಿಳಿಗಾಲಿನದು ಮೇಲಿಂದ ಜಾರುತ್ತ ಹಾಡುತ್ತದೆ.

ಕಾಗೆ ಯಾವುದು ಕೋಗಿಲೆ ಯಾವುದು ತಿಳಿಯದವರೂ ಒಂದೇ ದಿನದಲ್ಲಿ ಕಲಿಯುವ ವ್ಯತ್ಯಾಸವದು. ಟೀಚರಮ್ಮನ ತಲೆಗೆ ಮಾತ್ರ ಹತ್ತಲೊಲ್ಲದು. ಅರ್ಧ ನಿಮಿಷ ಕೇಳುವುದು, ಮುಗುಳ್ನಗುವುದು, “ಮತ್ತೆ ಮೊದಲಿಂದ ಹಾಕಿ” ಎನ್ನುವುದು.

“ಇದ್ಯಾವುದು, ಹೇಳಿ ನೋಡೋಣ?”

“ಕರಿಗಾಲಿಂದಾ?”

“ಅಯ್ಯೋ, ತಿಳಿಗಾಲಿಂದು ಟೀಚರಮ್ಮ.”

“ಹೌದಾ? ಹಾಗಾದ್ರೆ ಮುಂದಿನ ವಾರಾನೂ ಬರ್ಬೇಕಾಯ್ತು.”

ಬೇಕೆಂದೇ ತಪ್ಪು ಹೇಳುತ್ತಿದ್ದಾರೆ! ಯಾಕೆ? ಇಡೀ ರಾತ್ರಿ ಅವನ ತಲೆಯಲ್ಲಿ ಹುಳ ಕೊರೆಯಿತು. ಒಂಟಿತನ ಸಾಕುಸಾಕಾಗಿದ್ದವನಿಗೆ ಬೆಳಗಾಗುವಷ್ಟರಲ್ಲಿ ಒಂದೇ ಉತ್ತರ ಹೊಳೆಯಿತು. ಬರುತ್ತಿರುವುದು ಹಕ್ಕಿಗಲ್ಲ, ನನಗಾಗಿ. ಕನ್ನಡಿಯ ಮುಂದೆ ನಿಂತು ಎರಡೆರಡು ಸಲ ತಲೆ ಬಾಚಿಕೊಂಡ.

ಬರಿಗೈಯಲ್ಲಿ ಮಾತು ತೆಗೆಯುವುದು ಹೇಗೆ? ವಾರವಿಡೀ ಕೂತು ಆ ಎರಡು ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಶುದ್ಧ ಮಾಡಿದ. ಗಾಳಿ, ಕೆಮ್ಮು, ಕಾಲ್ಸಪ್ಪಳ, ಪಿಸುಮಾತು, ಒಂದನ್ನೂ ಬಿಡದೆ ತೆಗೆದುಹಾಕಿದ. ಇಳಿಸಿಕೊಂಡ ಮೇಲೆ ಸವೆದ ಟೇಪುಗಳನ್ನು ಸುಡಬೇಕೆಂಬ ನಿಯಮದಂತೆ ಅವೆರಡೂ ಸೋಮವಾರವೇ ಬೂದಿಯಾದವು.

ಮಂಗಳವಾರ ಇಸ್ತ್ರಿಯ ಅಂಗಿ ತೊಟ್ಟು ಹೆಡ್‌ಫೋನನ್ನು ತಾನೇ ಒರೆಸಿ ಕೊಟ್ಟ.

“ನಿಮಗೋಸ್ಕರಾನೇ ಮಾಡಿದ್ದು. ಈಗ ಬರೀ ಹಕ್ಕಿ, ಇನ್ನೇನೂ ಇಲ್ಲ.”

ಟೀಚರಮ್ಮ ಕಣ್ಣು ಮುಚ್ಚಿ ಕೇಳಿದರು. ಮೊಟ್ಟಮೊದಲ ಸಲ ಕೊನೆಯವರೆಗೂ ಕೇಳಿದರು. ಎರಡನೆಯದನ್ನೂ ಕೇಳಿದರು. ನಗಲಿಲ್ಲ.

“ಮೊದಲನೇದು ಕರಿಗಾಲಿಂದು, ಆಮೇಲಿಂದು ತಿಳಿಗಾಲಿಂದು,” ಎಂದರು ತಡವರಿಸದೆ. ಅವನ ಎದೆ ಹಿಗ್ಗಿತು.

“ಹಕ್ಕಿ ಎರಡೂ ಇವೆಯಪ್ಪಾ. ಟೇಪಿನ ಶುರುವಲ್ಲೇ ‘ಅಕ್ಕಾ, ಸುಮ್ನಿರೇ, ಹಾರಿಹೋಗುತ್ತೆ’ ಅಂತಿದ್ದನಲ್ಲ ತೀರಿಹೋದ ನನ್ನ ತಮ್ಮ, ಅವನೆಲ್ಲಿ?”