ಪ್ಯಾಡು ಪಳಗಿಸಿದ ದಿನ

“ಅಲ್ಲಾಡಬೇಡ ಮತ್ತೆ,” ಎನ್ನುತ್ತಾ ಡ್ವೈಟ್ ಹಾಕಿ ಕೋಲಿನಿಂದ ಹೆಂಡತಿಯ ಕಾಲಿಗೆ ಬಾರಿಸಿದ. ಲೋರ್ನಾ ನಕ್ಕಳು. ಐಸ್ ಹಾಕಿಯ ಗೋಲ್‌ಕೀಪರ್ ಕಾಲಿಗೆ ಕಟ್ಟಿಕೊಳ್ಳುವ ಪ್ಯಾಡುಗಳು ಹೊಸದರಲ್ಲಿ ಹಲಗೆಯಂತಿರುತ್ತವೆ; ಹೊಡೆದು, ಬಗ್ಗಿಸಿ ಪಳಗಿಸಬೇಕು. ಇವನ್ನು ಅವಳು ತನ್ನದೇ ಅಳತೆಗೆ ಮಾಡಿಸಿದ್ದಳು. ಕಡುಗೆಂಪು ಬಣ್ಣವನ್ನೂ ಅವನನ್ನು ಕೇಳದೆಯೇ ಆರಿಸಿದ್ದಳು.

“ನೋವಾಯ್ತಾ, ಮಹಾರಾಣಿ?”

“ಸೊಳ್ಳೆ ಕಚ್ಚಿದಂಗೂ ಆಗ್ಲಿಲ್ಲ. ಮಂಡಿ ಹತ್ರ ಹೊಡಿ, ಅಲ್ಲಿನ್ನೂ ಗಟ್ಟಿಯಿದೆ.”

ಮುಂದಿನ ಏಟಿಗೆ ಗ್ಯಾರೇಜಿನ ತಗಡು ಬಾಗಿಲೂ ಅದುರಿತು. “ಈಗ?”

“ಇಲ್ಲ.”

ಅದಕ್ಕಿಂತ ಜೋರಾಗಿ ಇನ್ನೊಂದು. “ಈಗ?”

“ಸಾಕು ಬಿಡು, ಮೆತ್ತಗಾಯ್ತು,” ಎಂದು ಅವಳು ತಲೆಯೆತ್ತಿದಳು. ಕೋಲು ಮತ್ತೆ ಮೇಲೇರಿತ್ತು. ಡ್ವೈಟ್ ಪ್ಯಾಡನ್ನು ನೋಡುತ್ತಲೇ ಇರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ, ಅಲ್ಲಿ ನೋವು ಮೂಡುವುದನ್ನೇ ಕಾಯುತ್ತಾ.