ನಾಲ್ಕನೇ ಭಾಗದ ನೂರಾ ಹತ್ತು ಪುಟಗಳು

ಇದು ಎಲ್ಲಿಂದಲೋ ಬಂದ ಫಾರ್ವರ್ಡ್ ಅಲ್ಲ... ಮೂರು ವರ್ಷದಿಂದ ನನ್ನಲ್ಲೇ ಉಳಿದುಹೋಗಿದ್ದು.

ಆಗ ನಾನು ತುಮಕೂರಿನಲ್ಲಿ ಎಂ.ಕಾಂ. ಓದುತ್ತಿದ್ದೆ. ಓದಿಗಿಂತ ಮಿಮಿಕ್ರಿಯಲ್ಲೇ ಹೆಸರು ಜಾಸ್ತಿ.

ಪ್ರಿನ್ಸಿಪಾಲರ ಧ್ವನಿಯಲ್ಲಿ ಕಾಲೇಜಿಗೆ ಒಂದು ದಿನ ರಜೆ ಘೋಷಿಸಿ, ನಿಜವಾದ ಪ್ರಿನ್ಸಿಪಾಲರಿಂದ ಒಂದು ವಾರ ರಜೆ ಪಡೆದವನು ನಾನು.

ನಮ್ಮ ಕೆಳಗಿನ ಮನೆಯಲ್ಲಿ ಅಂಬುಜಾಕ್ಷಿ ಆಂಟಿ ಇದ್ದರು. ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿ ರಿಟೈರ್ ಆದವರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ಕಿತ್ತುಕೊಂಡಿತ್ತು.

"ಅಕ್ಷಿ ಹೋಯ್ತು ಕಣೋ... ಈಗ ಬರೀ ಅಂಬುಜ" ಎಂದು ಅವರೇ ನಗುತ್ತಿದ್ದರು.

ಅವರಿಗೆ 'ಹೊಗೆಕೋಟೆ' ಎಂಬ ಫ್ಯಾಂಟಸಿ ಕಾದಂಬರಿ ಸರಣಿಯ ಹುಚ್ಚು. ಒಟ್ಟು ಆರು ಭಾಗ... ಒಂದೊಂದೂ ಇಟ್ಟಿಗೆ ಗಾತ್ರ. ಮೊದಲ ಭಾಗದ ಅರ್ಧಕ್ಕೆ ಬರುವಷ್ಟರಲ್ಲಿ ದೃಷ್ಟಿ ಹೋಗಿತ್ತು.

"ಪ್ರಮೋದ, ದಿನಾ ಒಂದು ಗಂಟೆ ಓದಿ ಹೇಳ್ತೀಯೇನಪ್ಪ? ಕಾಫಿ ನಂದು" ಎಂದರು ಒಂದು ಸಂಜೆ.

ಶುರು ಮಾಡಿದೆ. ರಾಕ್ಷಸ ದೊರೆಗೆ ನಮ್ಮ ಅಕೌಂಟೆನ್ಸಿ ಲೆಕ್ಚರರ್ ಧ್ವನಿ... ಮಾತಾಡುವ ನವಿಲಿಗೆ ಬಸ್ ಸ್ಟ್ಯಾಂಡ್ ಅನೌನ್ಸ್‌ಮೆಂಟ್ ಧ್ವನಿ...

ಆಂಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ವರ್ಷದಲ್ಲಿ ಮೂರು ಭಾಗ ಮುಗಿದವು.

ನಾಲ್ಕನೆಯದು ನಡೆಯುತ್ತಿದ್ದಾಗ ಊರಿನ ಓದುಗರ ಬಳಗ ಒಂದು ಸಭೆ ಇಟ್ಟುಕೊಂಡಿತು. ವಿಷಯ: 'ಹೊಗೆಕೋಟೆಯಲ್ಲಿ ನಿಮ್ಮ ಮೆಚ್ಚಿನ ಭಾಗ ಯಾವುದು?' ಪ್ರತಿಯೊಬ್ಬರಿಗೂ ಮೂರು ನಿಮಿಷ.

ದೃಷ್ಟಿ ಹೋದ ಮೇಲೆ ಆಂಟಿ ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೋದವರಲ್ಲ.

"ಇದಕ್ಕೆ ಹೋಗ್ತೀನಿ ಕಣೋ. ಎಲ್ಲಿ ಹೋದ್ರೂ ಕಣ್ಣು ಹೋದೋಳು ಅಂತಾರೆ. ಅಲ್ಲಿ ಒಂದಿನ ಓದಿದೋಳು ಅನ್ನಿಸ್ಕೊಂಡು ಬರ್ತೀನಿ. ಭಾನುವಾರದೊಳಗೆ ನಾಲ್ಕನೇದು ಮುಗಿಸಿಬಿಡು."

ಶುಕ್ರವಾರ ನಮ್ಮ ಕಾಲೇಜಿನ ಕ್ರಿಕೆಟ್ ಫೈನಲ್... ಉಳಿದದ್ದು ಇನ್ನೂರು ಪುಟ.

ಅವರ ಎದುರಿಗೇ ಕೂತು... ಒಮ್ಮೆ ಕೆಮ್ಮಿ... ನೂರಾ ಹತ್ತು ಪುಟ ಒಟ್ಟಿಗೆ ಮಗುಚಿದೆ.

ನಡುವಿನ ಕಥೆಗೆ ನನ್ನದೇ ತೇಪೆ ಹಾಕಿದೆ. ಕಥೆಯಲ್ಲಿ ಮೊದಲೇ ಬಂದಿದ್ದ ದೋಣಿ ನಡೆಸುವ ಅಜ್ಜಿ ಕೋಟೆಯ ಬಾಗಿಲಿಗೆ ಬಂದು ಕಾವಲುಗಾರನಿಗೆ ಹೇಳುತ್ತಾಳೆ: "ಒಳಗೆ ಬಿಡು ಅಂತ ಕೇಳ್ತಿಲ್ಲ ಮಗಾ... ಬಂದಿದ್ದೀನಿ ಅಂತ ಹೇಳು, ಸಾಕು."

ಬಾಯಿಗೆ ಬಂದದ್ದು ಅಷ್ಟೇ. ಆಂಟಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇನ್ನೊಂದ್ಸಲ ಓದು" ಎಂದರು. ಓದಿದಂತೆ ಮಾಡಿದೆ.

ಭಾನುವಾರ ಸಭೆಯಲ್ಲಿ ಭರ್ಜರಿ ಜಗಳ.

"ಎರಡನೇ ಭಾಗದ ಯುದ್ಧಕ್ಕೆ ಸಾಟಿಯೇ ಇಲ್ಲ" ಎಂದರು ಬ್ಯಾಂಕಿನವರೊಬ್ಬರು.

"ಅದು ಯುದ್ಧ ಅಲ್ಲ ಸರ್, ಟ್ರಾಫಿಕ್ ಜಾಮ್. ಮುನ್ನೂರು ಪುಟ ಯಾರೂ ಮುಂದೆ ಹೋಗಲ್ಲ" ಎಂದಳು ಒಬ್ಬ ಹುಡುಗಿ. ಅವಳ ಓಟು ಐದನೆಯದಕ್ಕೆ.

ಆಂಟಿಯ ಸರದಿ ಬಂತು. ಇಸ್ತ್ರಿ ಮಾಡಿದ ಸೀರೆ... ಎರಡು ದಿನದಿಂದ ಮನಸ್ಸಿನಲ್ಲೇ ಕಟ್ಟಿಕೊಂಡ ಮಾತು...

"ನಂಗೆ ನಾಲ್ಕನೇ ಭಾಗ. ಯಾಕೆ ಅಂದ್ರೆ ಕೊನೇಲಿ ದೋಣಿ ಅಜ್ಜಿ ಕೋಟೆ ಬಾಗಿಲಿಗೆ ಬಂದು ಒಂದು ಮಾತು ಹೇಳ್ತಾಳೆ..."

ಪೂರ್ತಿ ಹೇಳಿದರು. ಆಮೇಲೆ ಯಾರೋ ಕಿಸಕ್ಕೆಂದರು.

"ಮೇಡಂ, ಆ ಅಜ್ಜಿ ಇಪ್ಪತ್ತೆರಡನೇ ಅಧ್ಯಾಯದಲ್ಲೇ ಮುಳುಗಿ ಸತ್ತಳಲ್ಲ... ದೆವ್ವ ಆಗಿ ಬಂದಳಾ?"

ಹಾಲ್ ತುಂಬ ನಗು. ಅದರ ನಡುವೆ ಒಂದು ಹೆಂಗಸಿನ ಮೆಲುದನಿ: "ಪಾಪ, ಬಿಡ್ರೀ... ಕಣ್ಣಿಲ್ಲದೋರು. ಓದಿರಲ್ಲ."

ಆಂಟಿ ನಾನಿದ್ದ ಕಡೆ ಮುಖ ತಿರುಗಿಸಿದರು.

"ಪ್ರಮೋದ... ಪುಸ್ತಕ ತಂದಿದ್ದೀಯಲ್ಲ. ಆ ಪುಟ ತೆಗೆದು ಇವರಿಗೆ ಓದಪ್ಪ."

ಪುಸ್ತಕ ನನ್ನ ತೊಡೆಯ ಮೇಲಿದ್ದ ಬ್ಯಾಗಿನಲ್ಲೇ ಇತ್ತು.

'ತಪ್ಪು ನನ್ನದು, ಅವರು ಕೇಳಿಸಿಕೊಂಡದ್ದನ್ನೇ ಹೇಳಿದರು' ಅನ್ನಬೇಕಿತ್ತು... ಅಷ್ಟೇ. ಹತ್ತಾರು ಜನರ ಧ್ವನಿ ಬರುವ ನನಗೆ, ಆಗ ನನ್ನ ಧ್ವನಿಯೇ ಬರಲಿಲ್ಲ.

"ಆಂಟಿ... ಪುಸ್ತಕ ಮನೇಲೇ ಬಿಟ್ಟು ಬಂದೆ" ಎಂದೆ.

ಆಂಟಿ ಕೈಯಿಂದ ಕುರ್ಚಿ ಹುಡುಕಿ ಕೂತರು.

ಮರುದಿನ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಪುಟ ಹಾರಿಸಿದ್ದಕ್ಕೆ ಬೇಜಾರಿಲ್ಲ ಕಣೋ. ವಯಸ್ಸು, ಆಟ... ಆಗುತ್ತೆ. ನೀನು ಕಟ್ಟಿದ ಕಥೇನೂ ಚೆನ್ನಾಗೇ ಇತ್ತು. ಆದ್ರೆ ಆ ಪುಸ್ತಕಾನ ನಿನ್ನ ಬ್ಯಾಗಿಗೆ ಹಾಕಿದ್ದು ನಾನೇ ಅಲ್ವಾ?"

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ.

"ಒಂದು ಕೇಳ್ಲಾ... ಮೊದಲ ಮೂರು ಭಾಗನಾದ್ರೂ ಪೂರ್ತಿ ಓದಿದ್ಯಾ?"

"ಒಂದೊಂದು ಸಾಲೂ ಓದಿದ್ದೀನಿ ಆಂಟಿ. ನಿಮ್ಮಾಣೆ."

"ಇರಬಹುದು. ನೀನು ಹೇಳ್ತೀಯ... ನಾನು ಹೆಂಗಪ್ಪ ನೋಡ್ಲಿ?"

ನಾನು ಓದಿದ್ದು ನಿಜ. ಅದನ್ನು ಸಾಬೀತು ಮಾಡುವ ದಾರಿ ಇವತ್ತಿಗೂ ನನಗೆ ಸಿಕ್ಕಿಲ್ಲ.

ಐದನೇ ಭಾಗವನ್ನು ಅವರು ಫೋನಿನ ಆ್ಯಪ್‌ನಲ್ಲಿ ಕೇಳಿದರು. ಏರಿಳಿತವೇ ಇಲ್ಲದ ಯಂತ್ರದ ಧ್ವನಿ... ರಾಕ್ಷಸನಿಗೂ ಅದೇ, ನವಿಲಿಗೂ ಅದೇ.

ಒಂದು ಸಂಜೆ ಮೆಟ್ಟಿಲಲ್ಲಿ ನಿಂತು ಕೇಳಿದೆ: "ಆಂಟಿ, ಅದರಲ್ಲಿ ಮಜಾ ಬರುತ್ತಾ?"

"ಇಲ್ಲ ಕಣಪ್ಪ. ನಗೂನೇ ಬರಲ್ಲ" ಎಂದರು. "ಆದ್ರೆ ಅದು ಪುಟ ಹಾರಿಸಲ್ಲ."

*

ನಂಬಿದವರ ಎದುರು ನಾವು ಹಾರಿಸಿದ ಒಂದು ಪುಟ, ಪ್ರಾಮಾಣಿಕವಾಗಿ ಓದಿದ ಸಾವಿರ ಪುಟಗಳನ್ನೂ ಸುಳ್ಳಾಗಿಸುತ್ತದೆ.

ನಿಮ್ಮ ಮಾತನ್ನೇ ಕಣ್ಣು ಮಾಡಿಕೊಂಡು ಕೂತವರು ಮನೆಯಲ್ಲಿ ಯಾರಾದರೂ ಇದ್ದಾರಾ... ಅವರಿಗೆ ಇವತ್ತು ಎಷ್ಟು ಪುಟ ಬಿಟ್ಟು ಹೇಳಿದಿರಿ?